ಕೇಪಿನ ಕೋವಿಗೆ ಯಾವ ಜಿಡ್ಡು: ನನ್ನ ಅನುಭವ

ಮಧುಗಿರಿ ತಾಲ್ಲೂಕಿನ ನಮ್ಮ ಕಡಲೆಕಾಯಿ ಹೊಲವನ್ನು ಹಂದಿಗಳಿಂದ ಕಾಯಲು ತಂದೆಯವರು ಬೆಳೆ ರಕ್ಷಣೆಯ ಪರವಾನಗಿ ಪಡೆದು ಇಟ್ಟುಕೊಂಡಿದ್ದ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಎಂಬ ಸಿಡಿಯುವ ಪುಟ್ಟ ಟೋಪಿಯಿಂದ ಹೊತ್ತಿಸುವ ಬಂದೂಕು), ಅವರ ಕಾಲಾನಂತರ ಪರವಾನಗಿಯ ಸಮೇತ ನನ್ನ ಹೆಸರಿಗೆ ಬಂದಿತು. ನಾನು ಗುಂಡು ಹಾಕುವುದಿಲ್ಲ. ಮದ್ದಿನ ಮೇಲೆ ಜಿಡ್ಡು ಸವರಿದ ಹತ್ತಿಬಟ್ಟೆಯನ್ನು ಗಜದಿಂದ, ಅಂದರೆ ನಳಿಗೆಗೆ ತೂರಿಸುವ ಉದ್ದ ಸರಳಿನಿಂದ, ಜಡಿದು ಬರಿಯ ಸದ್ದು ಮಾಡುತ್ತೇನೆ. ಮದ್ದು ಉರಿದು ಉಳಿಯುವ ಮಸಿಯನ್ನು ಮೆತ್ತಗಿಡಬೇಕಾದ ಆ ಜಿಡ್ಡು ಯಾವುದಿರಬೇಕೆಂದು ತಿಳಿಯಲು ನನಗೆ ಮೂರು ಬೆಳೆ ಹಿಡಿದವು.

ಮೊದಲು ಕೈಗೆ ಸಿಕ್ಕಿದ್ದು ಎಂಜಿನ್ ಆಯಿಲ್. ಕಪ್ಪುಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಅದರಲ್ಲಿ ಕೆಲವು ಪಾಲು ಹೊಗೆಯೊಂದಿಗೆ ಹೋದರೂ ಮಿಕ್ಕದ್ದು ನಳಿಗೆಯೊಳಗೆ ಮಸಿಯಾಗಿ ಕೂರುತ್ತದೆ. ಎಂಜಿನ್ ಆಯಿಲ್ ಬೆರೆತ ಆ ಮಸಿ ಡಾಂಬರಿನಂತಾಗಿ, ಬಿಸಿನೀರಿಗೂ ಬಿಡದಾಯಿತು.

ಮುಂದೆ ಕೊಬ್ಬರಿ ಎಣ್ಣೆಗೆ ಬಂದೆ. ಮಾಘದ ಚಳಿಯಲ್ಲಿ ಅದು ಬೆಣ್ಣೆಯಂತೆ ಬಟ್ಟೆಗೆ ಹಿಡಿದು ಚೆನ್ನಾಗಿಯೇ ಇತ್ತು. ಆದರೆ ಸುಮಾರು 24 ಡಿಗ್ರಿಗೇ ಕರಗುವ ಎಣ್ಣೆ ಅದು. ಏಪ್ರಿಲ್‌ನಲ್ಲಿ ಬೇಸಿಗೆ ಬೆಳೆ ಕಾಯುತ್ತಿದ್ದ ರಾತ್ರಿ ಬಟ್ಟೆಯಿಂದ ಇಳಿದು ಮದ್ದನ್ನೇ ನೆನೆಸಿಬಿಟ್ಟಿತು. ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ. ನಳಿಗೆಗೆ ನೀರು ಹೊಯ್ದು ಮದ್ದನ್ನು ಪೂರ್ತಿ ಕದಡಿ ತೆಗೆಯುವಷ್ಟರಲ್ಲಿ ಹಂದಿಗಳು ನಾಲ್ಕು ಸಾಲು ಬಗೆದಿದ್ದವು. ಅಂದಿನಿಂದ ಮದ್ದಿನ ಮೇಲೆ ಮೊದಲು ಒಣಬಟ್ಟೆ, ಅದರ ಮೇಲೆಯೇ ಜಿಡ್ಡಿನ ಬಟ್ಟೆ.

ಈಗ ನಾನು ಬಳಸುವುದು ಜೇನುಮೇಣವನ್ನು ಹರಳೆಣ್ಣೆಯಲ್ಲಿ ಕರಗಿಸಿದ ಮಿಶ್ರಣ. ಬೇಸಿಗೆಗೆ ಒಂದು ಪಾಲು ಮೇಣಕ್ಕೆ ಮೂರು ಪಾಲು ಎಣ್ಣೆ, ಚಳಿಗಾಲಕ್ಕೆ ಐದು. ಮೇಣ ಹೆಚ್ಚಿದ್ದರೆ ಸೋರುವುದಿಲ್ಲವೆಂದು ಒಮ್ಮೆ ಬೇಸಿಗೆಯಲ್ಲಿ ಸಮಪಾಲು ಹಾಕಿ ನೋಡಿದೆ; ಒಣಹವೆಯಲ್ಲಿ ಮಸಿ ಗಟ್ಟಿಯಾಗಿ, ಮೂರನೆಯ ಸಲ ತುಂಬುವಾಗ ಬಟ್ಟೆ ಅರ್ಧದಲ್ಲಿಯೇ ಸಿಕ್ಕಿಕೊಂಡಿತು. ಸೋರದಷ್ಟು ಮೇಣ, ಮಸಿಯನ್ನು ಮೆತ್ತಗಿಡುವಷ್ಟು ಎಣ್ಣೆ, ಎರಡೂ ಬೇಕು.

ಜಡಿಮಳೆಯಲ್ಲಿ ಲೆಕ್ಕ ತಿರುವುಮುರುವು. ಮಸಿ ತಾನೇ ಗಾಳಿಯ ತೇವ ಹೀರಿ ಮೆತ್ತಗಿರುವುದರಿಂದ ತುಂಬುವುದು ಸಲೀಸು, ಆದರೆ ಬೆಳಗಾಗುವಷ್ಟರಲ್ಲಿ ಕಬ್ಬಿಣಕ್ಕೆ ತುಕ್ಕು. ಆಗ ಯಾವ ಜಿಡ್ಡನ್ನೂ ನಂಬದೆ, ಎಷ್ಟೇ ಹೊತ್ತಾಗಿದ್ದರೂ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಹರಳೆಣ್ಣೆ ಒರೆಸಿಯೇ ಮಲಗುತ್ತೇನೆ.