ಗಣಿಯ ಸಾರ್ವಜನಿಕ ಆಲಿಕೆಗೆ ಹೋಗುವ ಮುನ್ನ

ಸಂಡೂರು ಭಾಗದಲ್ಲಿ ಹೊಸ ಗಣಿಗೋ ಹಳೆಯ ಗಣಿಯ ವಿಸ್ತರಣೆಗೋ ಪರಿಸರ ಸಾರ್ವಜನಿಕ ಆಲಿಕೆ (ಅನುಮತಿಗೆ ಮುನ್ನ ಊರವರ ಅಭಿಪ್ರಾಯ ಕೇಳುವ ಸಭೆ) ಕರೆದರೆ ಶಾಮಿಯಾನದ ಕೆಳಗೆ ಎರಡು ಗುಂಪು ಸೇರುತ್ತವೆ, ಒಂದು ಬೇಕು ಎನ್ನುವವರದು, ಇನ್ನೊಂದು ಬೇಡ ಎನ್ನುವವರದು. ನನಗೆ ಎರಡೂ ಕಡೆಯ ಋಣವಿದೆ. ಅದಿರು ಸಾಗಿಸುವ ಒಂದು ಟಿಪ್ಪರ್ ಇದೆ, ಅದೇ ರಸ್ತೆಯ ಬದಿಗೆ ಜೋಳದ ಹೊಲವೂ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲದ ಕಂತು ಕಟ್ಟಲಾಗದೆ ಒದ್ದಾಡಿದೆ. ಗಣಿ ಭರದಿಂದ ನಡೆದಾಗ ಕೆಂಪು ಧೂಳು ಕೂತ ಸೊಪ್ಪೆಯನ್ನು ಎತ್ತುಗಳು ಮೂಸಿ ಬಿಟ್ಟಿದ್ದನ್ನೂ ಕಂಡೆ. ಹಾಗಾಗಿ ಬೇಕು–ಬೇಡದ ಕೂಗಾಟ ಕೇಳಲು ನನಗೆ ತಾಳ್ಮೆ ಇಲ್ಲ. ಆಲಿಕೆಯಲ್ಲಿ ಮತದಾನವಿಲ್ಲ, ಇಂತಿಷ್ಟು ಜನ ಸೇರಲೇಬೇಕೆಂಬ ಕೋರಂ ಕೂಡ ಇಲ್ಲ. ನಡಾವಳಿಯಲ್ಲಿ ದಾಖಲಾದ ಆಕ್ಷೇಪಕ್ಕೆ ಕಂಪನಿ ತನ್ನ ಅಂತಿಮ ಪರಿಸರ ಪರಿಣಾಮ ವರದಿಯಲ್ಲಿ ಉತ್ತರ ಕೊಡಬೇಕು. ನಮ್ಮ ಕೈಯಲ್ಲಿರುವುದು ಅಷ್ಟೇ, ಅದು ಸಣ್ಣದಲ್ಲ.

2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಅದು ಕಂಡ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಹೋಗಿ ಪರಿಸರ ಪರಿಣಾಮ ವರದಿಯ ಕರಡು ಕೇಳಿ. ಸಾರಾಂಶ ಕನ್ನಡದಲ್ಲಿರುತ್ತದೆ. ದಪ್ಪ ಸಂಪುಟ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ, ಊರಿನ ಕಾಲೇಜು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಪೂರ್ತಿ ಓದುವ ಹಟ ಬೇಡ.

ಮೊದಲು ಸಾಗಣೆಯ ಪುಟ ತೆಗೆಯಿರಿ. ವರ್ಷಕ್ಕೆ 10 ಲಕ್ಷ ಟನ್ ಎಂದು ಬರೆದಿದ್ದರೆ ಗಾಬರಿಯಾಗದೆ ಲೆಕ್ಕ ಹಾಕಿ. ವರ್ಷಕ್ಕೆ 300 ದಿನದ ಕೆಲಸ ಎಂದರೆ ದಿನಕ್ಕೆ ಸುಮಾರು 3,330 ಟನ್. ಲಾರಿಗೆ 20 ಟನ್ ಹಿಡಿದರೆ 167 ಲೋಡು, ಖಾಲಿ ಮರಳುವುದೂ ಸೇರಿ 334 ಓಡಾಟ. ಹನ್ನೆರಡು ಗಂಟೆಗೆ ಹಂಚಿದರೆ ನಿಮ್ಮ ಶಾಲೆಯ ಮುಂದೆ ಎರಡು ನಿಮಿಷಕ್ಕೊಂದು ಲಾರಿ ಬರುತ್ತದೆ. ಈ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಿ. ಆಮೇಲೆ ಕೇಳಿ: ರಸ್ತೆಗೆ ನೀರು ಚಿಮುಕಿಸುತ್ತೇವೆ ಎಂದಿದ್ದೀರಿ, ಟ್ಯಾಂಕರ್ ತುಂಬುವುದು ಯಾವ ಕೊಳವೆಬಾವಿಯಿಂದ? ಲಾರಿಯ ಬದಲು ಅದಿರು ಸಾಗಿಸುವ ಕನ್ವೇಯರ್ ಬೆಲ್ಟ್ ಯಾವ ವರ್ಷಕ್ಕೆ? (ಬೆಲ್ಟ್ ಬಂದರೆ ನನ್ನ ಟಿಪ್ಪರ್‌ಗೆ ಬಾಡಿಗೆ ಇಲ್ಲ. ಆದರೂ ಕೇಳುತ್ತೇನೆ.)

ಇನ್ನೊಂದು, ಗಾಳಿಯ ಕೋಷ್ಟಕ. ಅಳತೆ ಮಾಡಿದ ತಿಂಗಳು ಯಾವುದು ನೋಡಿ. ಮಳೆ ಬಿಟ್ಟ ಮೇಲಿನ ತಿಂಗಳುಗಳ ಧೂಳು ಬೇಸಿಗೆಯ ಧೂಳಲ್ಲ. ಉಸಿರಿನೊಂದಿಗೆ ಒಳಹೋಗುವ ಸಣ್ಣ ಧೂಳು, ಅಂದರೆ ಪಿಎಂ10 ಕಣಗಳ 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಮೀರಬಾರದು. ಕೋಷ್ಟಕದಲ್ಲಿ ಎಲ್ಲವೂ ಅದರ ಒಳಗೇ ಇದ್ದರೆ, ಯಂತ್ರ ಇಟ್ಟ ಜಾಗ ಸಾಗಣೆ ರಸ್ತೆಯಿಂದ ಎಷ್ಟು ದೂರ ಎಂದು ವಿಚಾರಿಸಿ.

ಉದ್ಯೋಗದ ಬಗ್ಗೆ ‘ಸ್ಥಳೀಯರಿಗೆ ಆದ್ಯತೆ’ ಎಂಬ ಮಾತಿಗೆ ತಲೆಯಾಡಿಸಬೇಡಿ. ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಅದಿರಿನ ಬೆಲೆ ಬಿದ್ದು ಉತ್ಪಾದನೆ ತಗ್ಗಿದರೆ ಮೊದಲು ಮನೆಗೆ ಹೋಗುವವರು ಯಾರು, ಇದನ್ನು ಕೇಳಿ. ಗಣಿಬಾಧಿತ ಊರುಗಳಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಕಂಪನಿಯ ದಾನದಂತೆ ತೋರಿಸಿದರೆ ಅಲ್ಲೇ ತಡೆಯಿರಿ. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಅದು ಕಾನೂನಿನ ಬಾಧ್ಯತೆ: ಆಮೇಲೆ ಹರಾಜಾದ ಗಣಿಯಾದರೆ ರಾಜಧನದ (ರಾಯಲ್ಟಿಯ) ಶೇ 10, ಅದಕ್ಕೂ ಹಿಂದಿನ ಗಣಿ ಗುತ್ತಿಗೆಯಾದರೆ ಶೇ 30.

ಆಕ್ಷೇಪಗಳನ್ನು ಬರೆದುಕೊಂಡೇ ಹೋಗಿ, ಸರ್ವೆ ನಂಬರ್ ಸಹಿತ. ಒಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಗೆ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾತನಾಡುವಾಗ ವಿಡಿಯೊ ಚಿತ್ರೀಕರಣ ನಡೆಯುತ್ತಿರಬೇಕು. ಊಟದ ವಾಸನೆಗೆ ಜನ ಏಳುತ್ತಾರೆ, ನೀವು ಏಳಬೇಡಿ. ಕೊನೆಯಲ್ಲಿ ನಡಾವಳಿಯ ಸಾರವನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ನಿಮ್ಮ ಅಂಶ ಬಿಟ್ಟುಹೋಗಿದ್ದರೆ ಸಹಿ ಬೀಳುವ ಮೊದಲೇ ಸೇರಿಸಲು ಹೇಳಿ.

ಅನುಮತಿ ಸಿಕ್ಕ ಮೇಲೂ ಕಡತ ಎಸೆಯಬೇಡಿ. ಷರತ್ತು ಪಾಲನೆಯ ಅರ್ಧವಾರ್ಷಿಕ ವರದಿಯನ್ನು ಕಂಪನಿ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ, ಕೇಳಿ ಪಡೆಯಿರಿ.