ಹಳೇ ಸೀರೆಲಿ ಕೌದಿ ಹೊಲಿಯೋದು ಹೇಗೆ: ಮೊದಲ ಸಲ ಮಾಡೋರಿಗೆ

ಕೌದಿ ಅಂದ್ರೆ ಹಳೇ ಬಟ್ಟೆ ಪದರ ಪದರವಾಗಿ ಹಾಕಿ ಕೈಲಿ ಹೊಲಿಯೋ ಹಾಸು-ಹೊದಿಕೆ. ಮನೇಲಿ ಅದನ್ನ ಹೊಲಿಯೋ ಅಜ್ಜಿನೋ ಅವ್ವನೋ ಇದ್ರೆ ಇದನ್ನ ಓದೋದು ಬಿಟ್ಟು ಮೊದ್ಲು ಅವರ ಪಕ್ಕ ಹೋಗಿ ಕೂತ್ಕೊಳ್ಳಿ, ಅರ್ಧ ಕೆಲಸ ಅವರ ಕೈ ನೋಡಿನೇ ಬರೋದು. ಹೇಳ್ಕೊಡೋರು ಯಾರೂ ಇಲ್ಲ, ಆದ್ರೆ ಟ್ರಂಕ್ ತುಂಬಾ ಹಳೇ ಸೀರೆ ಇದೆ ಅನ್ನೋರಿಗೆ ಇದು. ಮೊದಲ ಸಲನೇ ಡಬಲ್ ಕಾಟ್ ಸೈಜಿಗೆ ಕೈ ಹಾಕ್ಬೇಡಿ, ಅರ್ಧಕ್ಕೆ ನಿಲ್ಲತ್ತೆ. ಮೂರಡಿಗೆ ಮೂರಡಿದು ಮಕ್ಕಳ ಕೌದಿ ಮಾಡಿ, ಕೂಸಿನ ಕೆಳಗೆ ಹಾಸೋಕೆ ಆಗತ್ತೆ.

ಬಟ್ಟೆ ವಿಷಯದಲ್ಲಿ ನಂದು ಹಠ ಇದೆ: ಹತ್ತಿನೇ ಆಗ್ಬೇಕು, ಹಳೇದೇ ಆಗ್ಬೇಕು. ನಮ್ಮ ಹುಬ್ಬಳ್ಳಿ ಧಾರವಾಡ ಕಡೆ "ಹೊಸಾ ಅರಿವಿ ಹರದು ಯಾರರ ಕೌದಿ ಹೊಲಿತಾರೇನ?" ಅಂತ ಬೈತಾರೆ, ಅದು ಬರೀ ಜುಗ್ಗತನ ಅಲ್ಲ. ವರ್ಷಗಟ್ಟಲೆ ಒಗೆದ ಬಟ್ಟೆ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಗಿರತ್ತೆ, ಬಣ್ಣ ಬಿಡೋದೂ ಮುಗಿದಿರತ್ತೆ, ಮೆತ್ತಗೂ ಆಗಿರತ್ತೆ. ಹಳೇದರ ಜೊತೆ ಹೊಸ ಬಟ್ಟೆ ಸೇರಿಸಿದ್ರೆ ಮೊದಲ ಒಗೆತಕ್ಕೆ ಹೊಸದು ಒಂದೇ ಕುಗ್ಗಿ ಇಡೀ ಕೌದಿ ಮುದುಡ್ಕೊಳ್ಳತ್ತೆ. ಪಾಲಿಯೆಸ್ಟರ್ ಸೀರೆ ಬೇಡವೇ ಬೇಡ, ಜಾರತ್ತೆ, ಬೆವರು ಹೀರಲ್ಲ. ಅಪ್ಪನ ಪಂಚೆ, ಧೋತ್ರ, ಹಳೇ ಕಾಟನ್ ಬೆಡ್‌ಶೀಟ್ ಎಲ್ಲಾ ಒಳಗಿನ ಪದರಕ್ಕೆ ಚೆನ್ನಾಗಿ ಬರತ್ತೆ. ಎಳೆ ಸವೆದು ಆಚೆ ಬೆಳಕು ಕಾಣೋ ಅಷ್ಟು ಜೀರ್ಣ ಆಗಿದ್ರೆ ಮಾತ್ರ ಬಿಟ್ಬಿಡಿ. ಇಳಕಲ್ ಸೀರೆ ಇದ್ರೆ ಒಡಲು ಹತ್ತಿದು ಅಂತ ಖಾತ್ರಿ ಮಾಡ್ಕೊಂಡು ಪದರಕ್ಕೆ ಹಾಕಿ, ರೇಷ್ಮೆ ಸೆರಗು ಎತ್ತಿಟ್ಕೊಳ್ಳಿ. ಗುಳೇದಗುಡ್ಡ ಖಣದ (ರವಿಕೆ ಬಟ್ಟೆ) ಹಳೇ ಕುಬಸ, ಅಂದ್ರೆ ರವಿಕೆ, ಸಿಕ್ಕರಂತೂ ಮೇಲೆ ಕೂರಿಸೋ ಬಣ್ಣದ ತುಂಡಿಗೆ ಅದಕ್ಕಿಂತ ಚೆಂದ ಇನ್ನೊಂದಿಲ್ಲ. ಯಾವ ಬಟ್ಟೆನೇ ಆಗ್ಲಿ, ಗಂಜಿ ಪೂರ್ತಿ ಹೋಗೋ ಹಾಗೆ ಒಗೆದು ಒಣಗಿಸ್ಕೊಳ್ಳಿ, ಗಂಜಿ ಉಳಿದ್ರೆ ಹುಳ ಬರತ್ತೆ.

ಇನ್ನು ಲೆಕ್ಕ. ಸಾಮಾನ್ಯ ಸೀರೆ ಐದೂವರೆ ಮೀಟರ್, ಅಂದ್ರೆ 18 ಅಡಿ ಉದ್ದ, ಅಗಲ ಸುಮಾರು ಕಾಲು ಕಮ್ಮಿ ನಾಲ್ಕಡಿ ಅಂತ ಇಟ್ಕೊಳ್ಳಿ, ಅಂದ್ರೆ 45 ಇಂಚು. ಹಾಗಾಗಿ ಮಕ್ಕಳ ಕೌದಿಗೆ ನಾಲ್ಕು ಪದರ ಒಂದೇ ಸೀರೇಲಿ ಆಗಿ ಮೇಲಿನ ತುಂಡುಗಳಿಗೂ ಮಿಗತ್ತೆ. ದೊಡ್ಡೋರ ಸಿಂಗಲ್ ಕೌದಿಗೆ ಸೀರೇನ ನಡುವೆ ಕತ್ತರಿಸಿ ಎರಡು ತುಂಡನ್ನೂ ಅಂಚಿಗೆ ಅಂಚು ಜೋಡಿಸಿ ಹೊಲಿದ್ರೆ ಒಂಬತ್ತಡಿ ಆಗತ್ತೆ ಒಂದು ಕಡೆ, ಇನ್ನೊಂದು ಕಡೆ ಏಳೂವರೆ, ಆ ಒಂಬತ್ತನ್ನ ಮಡಚಿದ್ರೆ ನಾಲ್ಕೂವರೆಗೆ ಏಳೂವರೆ ಅಡಿದು ಎರಡು ಪದರ ರೆಡಿ. ಇಂಥ ಎರಡು ಸೀರೆ ಸಾಕು. ಚಳಿ ಜಾಸ್ತಿ ಇರೋ ಊರಾದ್ರೆ ಮೂರು, ಅದಕ್ಕಿಂತ ಮೇಲೆ ಸೂಜಿ ದಾಟಲ್ಲ, ಬೆರಳು ಹೋಗತ್ತೆ.

ನೆಲ ಒರೆಸಿ ಒಣಗಿಸಿ, ಕೆಳಗಿನ ಪದರ ನಾಲ್ಕೂ ಕಡೆ ಒಂದೊಂದು ಇಂಚು ದೊಡ್ಡದಿರೋ ಹಾಗೆ ಹಾಸಿ, ಮಿಕ್ಕಿದ್ದನ್ನ ಒಂದರ ಮೇಲೊಂದು ಹಾಕ್ತಾ ಪ್ರತಿ ಪದರಕ್ಕೂ ಅಂಗೈಲಿ ನಡುವಿಂದ ಹೊರಗೆ ಸುಕ್ಕು ಸವರಿ ತೆಗೀರಿ. ಆಮೇಲೆ ಪದರ ಜಾರದ ಹಾಗೆ ಉದ್ದುದ್ದ ಕಚ್ಚಾ ಹೊಲಿಗೆ (ಕೊನೆಗೆ ಎಳೆದು ತೆಗೆಯೋದು) ಹಾಕಿ, ಗೇಣಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಬೋರ್ ಅಂತ ಇದನ್ನ ಬಿಟ್ಟೋರ ಕೌದಿ ನಡುವೆ ಉಬ್ಬಿರತ್ತೆ, ನೋಡಿದ ತಕ್ಷಣ ಗೊತ್ತಾಗತ್ತೆ.

ಸೂಜಿ ಉದ್ದ ಇರ್ಲಿ, ಆದ್ರೆ ಚೀಲ ಹೊಲಿಯೋ ದಬ್ಬಣ ತರ್ಬೇಡಿ, ತೂತು ಹಾಗೇ ಉಳಿಯತ್ತೆ. ದಾರ ದಪ್ಪ ಹತ್ತಿದು. ಕೈ ಉದ್ದಕ್ಕಿಂತ ಜಾಸ್ತಿ ತಗೊಂಡ್ರೆ ಸಿಕ್ಕಾಗತ್ತೆ. ಮೇಣದ ಬತ್ತಿಗೆ ಒಂದ್ಸಲ ಎಳೆದ್ರೆ ಸಲೀಸಾಗಿ ಓಡತ್ತೆ. ಅಜ್ಜಿಗೆ ಕಣ್ಣು ಮಂಜಾಗಿದ್ರೆ ಮೊಮ್ಮಕ್ಕಳ ಕೈಲಿ ಬೆಳಗ್ಗೆನೇ ಹತ್ತಾರು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟುಬಿಡಿ, ಅಜ್ಜಿ ಯಾರನ್ನೂ ಕೂಗದೆ ಹೊಲಿತಾ ಇರ್ತಾರೆ, ಹುಡುಗ್ರೂ ನಿಧಾನಕ್ಕೆ ಪಕ್ಕದಲ್ಲಿ ಕೂತು ಶುರು ಮಾಡ್ತಾರೆ. ಅವರ ಹೊಲಿಗೆ ಸೊಟ್ಟ ಬಂತು ಅಂತ ಮಾತ್ರ ದಯವಿಟ್ಟು ಬಿಚ್ಚಿ ಸರಿ ಮಾಡ್ಬೇಡಿ.

ಹೊಲಿಗೆ ಅಂದ್ರೆ ಬರೀ ರನ್ನಿಂಗ್ ಸ್ಟಿಚ್, ಸೂಜಿ ಮೇಲೆ ಕೆಳಗೆ ಹಾಯಿಸ್ತಾ ನೇರಕ್ಕೆ ಹೋಗೋದು, ಬೇರೆ ಏನೂ ಕಲಿಯೋದಿಲ್ಲ. ಕೆಳಗಿನ ಪದರದ ಹೆಚ್ಚುವರಿ ಇಂಚನ್ನ ಮೇಲಕ್ಕೆ ಮಡಚಿ ಸುತ್ತಲೂ ಅಂಚು ಕಟ್ಟಿ, ಅಲ್ಲಿಂದ ಒಂದು ಬೆರಳಗಲ ಬಿಟ್ಟು ಮುಂದಿನ ಸುತ್ತು, ಹೀಗೇ ಒಳಗೊಳಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಣ್ಮಕ್ಕಳು ಮಾಡೋದು ಹೀಗೇ, ಮೂಲೆಯಿಂದ ಶುರು ಮಾಡಿ ಅಂಚು ಹಿಡ್ಕೊಂಡು ಸುತ್ತುತ್ತಾ ನಡುವಿಗೆ ಬಂದು ಮುಗಿಸ್ತಾರೆ, ದಾರಿಲಿ ಬಣ್ಣ ಬಣ್ಣದ ತುಂಡು ಇಟ್ಟು ಅದರ ಅಂಚು ಒಳಗೆ ಮಡಚಿ ಅದೇ ಹೊಲಿಗೇಲೇ ಕೂರಿಸ್ತಾ ಹೋಗ್ತಾರೆ, ಮುಂಚೆ ಗೆರೆ ಹಾಕ್ಕೊಳ್ಳೋದಿಲ್ಲ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡು, ಅವರು ಫೂಲ ಅನ್ನೋದು, ಹಾಕಿದ್ರೇನೇ ಅವರಿಗೆ ಕೌದಿ ಪೂರ್ತಿ ಆದ ಹಾಗೆ. ನೀವೂ ಹಾಕಿ, ಎಳೆದಾಡಿದಾಗ ಮೊದ್ಲು ಸವೆಯೋದು ಮೂಲೆನೇ. ತುಂಡುಗಳನ್ನ ಪಿಂಟರೆಸ್ಟ್ ನೋಡಿ ಮ್ಯಾಚಿಂಗ್ ಮಾಡೋಕೆ ಹೋಗ್ಬೇಡಿ ಅಂತ ನನ್ನ ಸಲಹೆ, ಅತ್ತೆ ಸೀರೆ ಪಕ್ಕ ಮಗಳ ಯೂನಿಫಾರ್ಮ್ ಬಂದ್ರೆ ಬರ್ಲಿ. ಗಂಟು ಎಲ್ಲಾ ಪದರದ ಒಳಗೆ ಹೋಗ್ಬೇಕು. ಕೂಸಿಂದಾದ್ರೆ ಕನ್ನಡಿ, ಮಣಿ, ಗೊಂಡೆ ಬೇಡ, ಬಾಯಿಗೆ ಹೋಗತ್ತೆ. ಎಲ್ಲಾ ಮುಗಿದ ಮೇಲೆ ಕಚ್ಚಾ ಹೊಲಿಗೆ ಎಳೆದು ತೆಗೀರಿ.

ಒಗೆಯೋದು ತಣ್ಣೀರಲ್ಲಿ. ನೆನೆದ ದೊಡ್ಡ ಕೌದಿ ಒಬ್ಬರಿಗೆ ಎತ್ತೋಕಾಗಲ್ಲ, ಇಬ್ಬರು ಬೇಕು, ಹಿಂಡೋದಕ್ಕಿಂತ ಕಲ್ಲಿನ ಮೇಲೆ ನೀರು ಸೋರೋಕೆ ಬಿಟ್ಟು ಆಮೇಲೆ ಬಿಸಿಲಿಗೆ ಹಾಕೋದು ಒಳ್ಳೇದು, ಒಳಗಿನ ಪದರ ಒಣಗೋಕೆ ಟೈಮ್ ಬೇಕು, ಹಾಗಾಗಿ ಮಳೆಗಾಲದಲ್ಲಿ ಒಗೆಯೋ ಸಾಹಸ ಬೇಡ. ಮೇಲಿನ ಬಟ್ಟೆ ಹರಿದ್ರೆ ಆ ಜಾಗಕ್ಕೆ ಇನ್ನೊಂದು ತುಂಡು. ಪೂರ್ತಿ ಹರಿದ್ರೆ ಹಳೇ ಕೌದಿನೇ ಒಳಗಿಟ್ಟು ಮೇಲೆ ಕೆಳಗೆ ಬೇರೆ ಸೀರೆ ಹಾಕಿ ಮತ್ತೆ ಹೊಲೀಬಹುದು, ಪದರ ಜಾಸ್ತಿ ಆಗಿ ಸೂಜಿ ದಾಟ್ತಿಲ್ಲ ಅಂದ್ರೆ ಹರಿದ ಪದರ ಒಂದನ್ನ ಕತ್ತರಿಸಿ ತೆಗೆದು ಆಮೇಲೆ ಶುರು ಮಾಡಿ.