ಟೆಫ್ಲಾನ್ ಚೀಲದಲ್ಲಿ ಪೈನೀನಿನಿಂದ ಕಣ ಹುಟ್ಟಿಸುವ ಬಗೆ: ನನ್ನ ಅನುಭವ

ಪೈನ್ ಮರದ ಘಮದಲ್ಲಿರುವ ಮುಖ್ಯ ಅನಿಲಗಳಲ್ಲಿ ಆಲ್ಫಾ-ಪೈನೀನ್ ಒಂದು. ಅದು ಓಝೋನ್ ಜೊತೆ ಸೇರಿ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣವಾಗುವುದನ್ನು ನಾನು ಅಳೆಯುವುದು 10 ಘನ ಮೀಟರಿನ ಟೆಫ್ಲಾನ್ ಚೀಲದಲ್ಲಿ.

ಹಿಂದಿನ ರಾತ್ರಿಯಿಡೀ ಶುದ್ಧ ಗಾಳಿ ಹಾಯಿಸಿ ಚೀಲ ತೊಳೆಯುತ್ತೇನೆ. ಬೆಳಿಗ್ಗೆ ಕಣಗಳ ಎಣಿಕೆ ಘನ ಸೆಂಟಿಮೀಟರಿಗೆ 1ಕ್ಕಿಂತ ಕಡಿಮೆ ಇರಬೇಕು. ಅಷ್ಟೇ ಸಾಲದು, ಚೀಲದೊಳಕ್ಕೆ ಓಝೋನ್ ಒಂದನ್ನೇ ಹಾಯಿಸಿ ಒಂದು ಗಂಟೆ ನೋಡಬೇಕು. ಆಗಲೂ ಕಣ ಕಂಡರೆ ಹಳೆಯ ಪ್ರಯೋಗದ ಕೊಳೆ ಗೋಡೆಗೆ ಅಂಟಿಕೊಂಡಿದೆ ಎಂದರ್ಥ. ಮತ್ತೆ ತೊಳೆಯದೆ ಮುಂದಕ್ಕೆ ಹೋಗುವುದಿಲ್ಲ.

20 ಪಿಪಿಬಿ (ಗಾಳಿಯ ನೂರು ಕೋಟಿ ಅಣುಗಳಲ್ಲಿ 20) ಪೈನೀನಿಗೆ 25 ಡಿಗ್ರಿಯಲ್ಲಿ ಬೇಕಾದದ್ದು ಬರೀ 1.3 ಮೈಕ್ರೋಲೀಟರ್. ಅದನ್ನು ಗಾಜಿನ ಬುರುಡೆಗೆ ಹಾಕಿ, ತುಸು ಬಿಸಿ ಮಾಡಿ, ನೈಟ್ರೋಜನ್ ಹರಿವಿನೊಂದಿಗೆ ಚೀಲಕ್ಕೆ ಕಳಿಸುತ್ತೇನೆ. ಫ್ಯಾನ್ ಹಾಕಿ 20 ನಿಮಿಷ ಬೆರೆಸಿದ ಮೇಲಷ್ಟೇ ಓಝೋನ್, ಅದೂ ನಿಧಾನಕ್ಕೆ, 50 ಪಿಪಿಬಿವರೆಗೆ. ಅವಸರ ಮಾಡಿದರೆ ಓಝೋನ್ ಒಳಬರುವ ಬಾಯಲ್ಲೇ ಸಾಂದ್ರತೆ ವಿಪರೀತವಾಗಿ, ಅಲ್ಲೇ ಕಣಗಳು ಸಿಡಿದೇಳುತ್ತವೆ. ಆ ಎಣಿಕೆಯನ್ನು ನಂಬುವಂತಿಲ್ಲ. ಈ ಓಝೋನಿನಲ್ಲಿ ಪೈನೀನಿನ ಆಯುಸ್ಸು ಸುಮಾರು ಎರಡೂವರೆ ಗಂಟೆ. ಕಣ ಕಾಣಲು ಮಾತ್ರ ಅಷ್ಟು ಹೊತ್ತು ಬೇಡ.

ಕಪ್ಪು ಸಿಲಿಕೋನ್ ಕೊಳವೆ ಬೇಡವೇ ಬೇಡ, ಅದರಿಂದ ಸಿಲೋಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತ ಸೋರುತ್ತದೆ. ಕಣಕ್ಕೆ ಸ್ಟೀಲ್ ಕೊಳವೆ, ಅನಿಲಕ್ಕೆ ಟೆಫ್ಲಾನ್. ಕಣ ಎಣಿಸುವ ಯಂತ್ರ ಉಗುಳುವ ಬ್ಯುಟನಾಲ್ (ಒಂದು ಬಗೆಯ ಆಲ್ಕೋಹಾಲ್) ಆವಿಯನ್ನು ಹೊರಗೆ ಬಿಡಿ. ಚೀಲವನ್ನು ಉಜ್ಜಬೇಡಿ: ವಿದ್ಯುದಾವೇಶ ಕೂತರೆ ಕಣಗಳು ಬೇಗ ಗೋಡೆ ಹಿಡಿಯುತ್ತವೆ.

ನನಗೆ ಇದರಲ್ಲಿ ಅತಿ ಮುಖ್ಯ ಎನಿಸುವುದು, ಗಿಡಗಳೇ ಬಿಡುವ ಇನ್ನೊಂದು ಅನಿಲವಾದ ಐಸೊಪ್ರೀನ್ ಸೇರಿಸಿದ ಪ್ರಯೋಗ. 60 ಪಿಪಿಬಿಗೆ ಸುಮಾರು 2.5 ಮೈಕ್ರೋಲೀಟರ್ ಸಾಕು. ಅದು 34 ಡಿಗ್ರಿಗೇ ಕುದಿಯುವುದರಿಂದ ಸೀಸೆ, ಸಿರಿಂಜ್ ಎರಡನ್ನೂ ಮಂಜುಗಡ್ಡೆಯಲ್ಲಿ ಇಟ್ಟಿರಬೇಕು. ಗಿಡದ ಅನಿಲ ಹೆಚ್ಚಿದಷ್ಟೂ ಕಣ ಹೆಚ್ಚು ಎಂದುಕೊಂಡವರು ಇಲ್ಲಿ ನಿಂತು ನೋಡಬೇಕು, ಎಣಿಕೆ ಇಳಿಯುತ್ತದೆ! ಪೈನೀನ್-ಓಝೋನ್ ಕ್ರಿಯೆಯಲ್ಲಿ ಹುಟ್ಟಿ ಪೈನೀನನ್ನೂ ತಿನ್ನುವ, ಬಲು ಚುರುಕಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ಲನ್ನು ಐಸೊಪ್ರೀನ್ ಕಬಳಿಸುತ್ತದೆ. ಜೊತೆಗೆ ಐಸೊಪ್ರೀನ್ ತುಣುಕು ಆಮ್ಲಜನಕದೊಂದಿಗೆ ಸೇರಿ ಆಗುವ ಪೆರಾಕ್ಸಿ ರ‍್ಯಾಡಿಕಲ್‌ಗಳು ಪೈನೀನಿನವುಗಳೊಂದಿಗೆ ಸೇರಿಕೊಂಡು, ಅವು ತಮ್ಮತಮ್ಮಲ್ಲೇ ಕೂಡಿ 20 ಇಂಗಾಲದ ಜೋಡಿ ಅಣುಗಳಾಗಲು ಬಿಡುವುದಿಲ್ಲ. ಆವಿಯಾಗದೆ ಉಳಿದು ಮೊದಲ ಕಣ ಕಟ್ಟುವುದರಲ್ಲಿ ಆ ಜೋಡಿಗಳ ಪಾಲು ದೊಡ್ಡದು. ಗಂಧಕಾಮ್ಲದ ನೆರವಿಲ್ಲದೆಯೂ ಪೈನೀನಿನ ಇಂಥ ಉತ್ಪನ್ನಗಳಿಂದ ಕಣ ಹುಟ್ಟಬಲ್ಲದು ಎಂದು ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್‌ನ ಕ್ಲೌಡ್ ಪ್ರಯೋಗ 2016ರಲ್ಲಿ ತೋರಿಸಿತು.

ಎರಡು ಪ್ರಯೋಗಗಳನ್ನು ಹೋಲಿಸುವಾಗ ಹಾಕಿದ ಪೈನೀನಿನ ಲೆಕ್ಕ ಹಿಡಿಯಬೇಡಿ. ಐಸೊಪ್ರೀನ್ ಇದ್ದಾಗ ಪೈನೀನ್ ಖರ್ಚಾಗುವುದೇ ನಿಧಾನ. ಹಾಗಾಗಿ ಕ್ರಿಯೆಗೆ ಒಳಗಾದ ಪೈನೀನ್ ಎಷ್ಟೆಂದು ಅನಿಲದ ಅಣುಗಳನ್ನು ತೂಕದಿಂದ ಗುರುತಿಸುವ ಪ್ರೋಟಾನ್ ವರ್ಗಾವಣೆ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪೈನೀನ್ ಕೊಡುವ 137 ಮತ್ತು 81ರ ಸಂಕೇತಗಳಿಂದ ತೆಗೆದು, ಅದರೆದುರು ಕಣಗಳ ಎಣಿಕೆ ಇಡಿ.